ಕತ್ತರಿ ಕೂಲಿ, ಹಣಿಗೆ ಮೇಸ್ತ್ರಿ

ಗದಗದಲ್ಲಿ ಒಂದು ಮಂಗಳವಾರ ಸಂಜೆ, ಕ್ಷೌರದ ಕೆಲಸ ಕಲಿಯುತ್ತಿರುವ ಹುಡುಗ ಹುಡುಗಿಯರ ಮುಂದೆ ಆಡಿದ ಮಾತುಗಳ ಬರಹ ರೂಪ.

ಇವತ್ತು ಮಂಗಳವಾರ, ನಮ್ಮ ಅಂಗಡಿ ಬಂದ್. ಅದಕ್ಕೇ ಬಂದೆ. ಭಾನುವಾರ ಕರೆದಿದ್ದರೆ ಖಂಡಿತ ಬರುತ್ತಿರಲಿಲ್ಲ. ಮಾತಾಡುವುದೇನೂ ನಮಗೆ ಹೊಸದಲ್ಲ ಬಿಡಿ, ಕಟಿಂಗ್ ಅಂಗಡಿಯವನಿಗೆ ಮಾತು ಕಲಿಸಬೇಕಾ? ಆದರೆ ಅಂಗಡಿಯಲ್ಲಿ ಕೇಳುವವರ ಕುತ್ತಿಗೆಗೆ ಬಟ್ಟೆ ಕಟ್ಟಿರುತ್ತೇವೆ, ಅರ್ಧ ತಲೆ ಆಗಿರುತ್ತದೆ. ಎದ್ದು ಹೋಗುವ ಹಾಗೇ ಇಲ್ಲ. ನೀವು ಎದ್ದು ಹೋಗಬಹುದು. ಅದೊಂದೇ ನನಗೆ ಹೆದರಿಕೆ.

ಒಳಗೆ ಬರುವಾಗ ಮುಂದಿನ ಸಾಲಿನ ನಾಲ್ಕು ಹುಡುಗರ ಕೈಗೆ ಕತ್ತರಿ ಕೊಟ್ಟು, ಹಿಡಿದು ತೋರಿಸಿ ಅಂದೆ. ನಾಲ್ವರೂ ಒಂದೇ ತರಹ ಹಿಡಿದರು. ಒಂದು ಬಳೆಯಲ್ಲಿ ಹೆಬ್ಬೆರಳು ಬುಡದ ತನಕ, ಇನ್ನೊಂದರಲ್ಲಿ ನಡುಬೆರಳು. ಇದು ಟೇಲರ್ ಹಿಡಿತ. ಬಟ್ಟೆ ಮೇಜಿನ ಮೇಲೆ ಬಿದ್ದಿರುತ್ತದೆ, ದಪ್ಪ ಇರುತ್ತದೆ, ಅದಕ್ಕೆ ಬಲ ಹಾಕಬೇಕು. ಕೂದಲಿಗೆ ಬಲ ಯಾಕೆ? ಒಂದು ಎಳೆಯ ದಪ್ಪ ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು, ಹಲವರಿಗೆ ಅದಕ್ಕಿಂತಲೂ ಕಡಿಮೆ. ಅಂಥದ್ದನ್ನು ಕಡಿಯಲು ಇಡೀ ಮುಂಗೈಯನ್ನು ದುಡಿಸಿದರೆ ಮಧ್ಯಾಹ್ನದೊಳಗೆ ಕೈ ಸೋತುಹೋಗುತ್ತದೆ.

ನನ್ನ ಕೈ ನೋಡಿ. ಉಂಗುರಬೆರಳು ಒಂದು ಬಳೆಯಲ್ಲಿದೆ. ಆ ಬಳೆಯ ಪಕ್ಕದಲ್ಲಿ ಬಾಲದ ಹಾಗೆ ಸಣ್ಣದೊಂದು ಕೊಂಡಿ ಇದೆ, ಕಿರುಬೆರಳು ಅದರ ಮೇಲೆ ಕೂತಿದೆ. ತೋರುಬೆರಳು, ನಡುಬೆರಳು ಹಿಡಿಕೆಗೆ ಸುಮ್ನೆ ಒರಗಿವೆ. ಹೆಬ್ಬೆರಳು ಎಲ್ಲಿದೆ? ತುದಿ ಮಾತ್ರ ಬಳೆಯೊಳಗಿದೆ, ಉಗುರಿನ ಬುಡದ ತನಕ. ಅದಕ್ಕಿಂತ ಒಳಗೆ ಹೋಯಿತೋ, ಕೆಲಸ ಕೆಟ್ಟಿತು.

ಯಾಕೆ ಅಂದರೆ, ಕತ್ತರಿಗೆ ಎರಡು ಅಲಗು ಇದ್ದರೂ ಆಡಬೇಕಾದ್ದು ಒಂದೇ. ಉಂಗುರಬೆರಳಿನ ಕಡೆಯ ಅಲಗು ನಿಂತಿರಬೇಕು. ಹೆಬ್ಬೆರಳಿನ ಕಡೆಯದ್ದು ಮಾತ್ರ ಬಂದು ಅದಕ್ಕೆ ತಾಗಬೇಕು. ಅಡಕೊತ್ತಿನಲ್ಲಿ ಅಡಿಕೆ ಒಡೆಯುವುದನ್ನು ನೋಡಿದ್ದೀರಲ್ಲ, ಕೆಳಗಿನ ತೋಳು ಅಡಿಕೆಯನ್ನು ಹೊತ್ತು ನಿಂತಿರುತ್ತದೆ, ಮೇಲಿನ ಅಲಗು ಇಳಿಯುತ್ತದೆ. ಹಾಗೆ. ಹೆಬ್ಬೆರಳು ಬುಡದ ತನಕ ಹೋದರೆ ಎರಡೂ ಅಲಗು ಕಾಗೆ ಬಾಯಿ ತೆರೆದ ಹಾಗೆ ಒಟ್ಟಿಗೆ ತೆರೆಯುತ್ತವೆ. ನಿಲ್ಲಬೇಕಾದ ಅಲಗೇ ಕುಣಿದರೆ ನೀವು ಎಳೆಯುವ ಗೆರೆಯೂ ಕುಣಿಯುತ್ತದೆ.

ಅಡಕೊತ್ತು ಅಂದ ಕೂಡಲೇ ಅಪ್ಪನ ಹಡಪ ನೆನಪಾಯಿತು. ಒಂದು ನಿಮಿಷ ಅಡ್ಡದಾರಿ ಹಿಡಿಯುತ್ತೇನೆ. 12ನೇ ಶತಮಾನದಲ್ಲಿ ಬಸವಣ್ಣನವರ ಜೊತೆ ಇದ್ದ ಹಡಪದ ಅಪ್ಪಣ್ಣನವರ ಹೆಸರು ಎಲ್ಲರಿಗೂ ಗೊತ್ತು. ಅವರ ಪತ್ನಿ ಲಿಂಗಮ್ಮನವರೂ ವಚನ ಬರೆದವರು. ಆ ಹಡಪ ಅಂದರೆ ಎಲೆ ಅಡಿಕೆಯ ಚೀಲ. ಕ್ಷೌರದ ಸಾಮಾನು ಇಡುವ ಚೀಲಕ್ಕೂ ಹಡಪ ಅಂತಲೇ ಹೆಸರು. ಅಪ್ಪನ ಹಡಪದಲ್ಲಿ ಒಂದು ಕತ್ತರಿ, ಎರಡು ಹಣಿಗೆ, ಕೈಯಲ್ಲಿ ಒತ್ತುವ ಮಷೀನು, ಎರಡು ಕತ್ತಿ, ಸಾಣೆಕಲ್ಲು, ಚರ್ಮದ ಪಟ್ಟಿ, ಒಂದು ಹಿತ್ತಾಳೆ ಬಟ್ಟಲು, ಅಂಗೈಯಗಲ ಕನ್ನಡಿ. ಇಡೀ ಅಂಗಡಿ ಅಷ್ಟೇ. ಬೇವಿನ ಗಿಡದ ಕೆಳಗೆ ಕಟ್ಟೆ ಮೇಲೆ ಇಬ್ಬರೂ ಕುಕ್ಕರುಗಾಲಲ್ಲಿ ಎದುರುಬದುರು ಕೂತರೆ ಕಟಿಂಗ್ ಶುರು. ರೊಕ್ಕ ಕೈಗೆ ಬರುತ್ತಿದ್ದುದು ಕಡಿಮೆ. ಸುಗ್ಗಿಯಲ್ಲಿ ಕಣಕ್ಕೆ ಹೋದರೆ ವರ್ಷದ ಆಯ ಅಂತ ಜೋಳ ಅಳೆದು ಹಾಕುತ್ತಿದ್ದರು. ಬಡಿಗೇರ, ಕಂಬಾರ, ಕುಂಬಾರರಿಗೆ ಹಾಕಿದ ಹಾಗೆ ನಮಗೂ. ಹಾಗಾಗಿ ಕಟಿಂಗ್ ಕೆಟ್ಟರೆ ಗಿರಾಕಿ ಅಲ್ಲೇ ಜಗಳ ಆಡುತ್ತಿರಲಿಲ್ಲ. ಸುಗ್ಗಿಯ ತನಕ ನೆನಪಿಟ್ಟುಕೊಂಡು ಒಂದು ಸೇರು ಕಡಿಮೆ ಅಳೆಯುತ್ತಿದ್ದ. ಅಪ್ಪ ಹೇಳುತ್ತಿದ್ದುದು ಇದು.

ಇರಲಿ, ಕತ್ತರಿಗೆ ಬರೋಣ.

1989ರಲ್ಲಿ ನಾನು ಅಪ್ಪನ ಕೈಕೆಳಗೆ ನಿಂತೆ. ಮೂರು ತಿಂಗಳು ಒಂದು ಕೂದಲನ್ನೂ ಮುಟ್ಟಿಸಲಿಲ್ಲ. ಮೊದಲ ತಿಂಗಳು ಹೆಬ್ಬೆರಳಿನದ್ದೇ ಕೆಲಸ. ನಿಲ್ಲುವ ಅಲಗನ್ನು ಕಿಟಕಿಯ ಚೌಕಟ್ಟಿನ ಅಂಚಿಗೆ ಒರಗಿಸಿ ಹಿಡಿಯಬೇಕು, ಹೆಬ್ಬೆರಳು ಮಾತ್ರ ಆಡಿಸಬೇಕು. ಒರಗಿದ ಅಲಗು ಅಂಚು ಬಿಟ್ಟು ಎದ್ದರೆ ಹಿಂದಿನಿಂದ ತಲೆಗೊಂದು ಬೀಳುತ್ತಿತ್ತು. ನೀವು ಹೊಡೆಸಿಕೊಳ್ಳುವುದು ಬೇಡ. ಆದರೆ ಆ ಅಭ್ಯಾಸ ಬಿಡಬೇಡಿ. ದಿನಕ್ಕೆ ಹತ್ತು ನಿಮಿಷ, ಟೀವಿ ನೋಡುತ್ತಾ ಮಾಡಿದರೂ ನಡೆಯುತ್ತದೆ. ಹದಿನೈದು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಅಲಗು ತಾನೇ ನಿಂತಿರುವುದು ನಿಮ್ಮ ಗಮನಕ್ಕೆ ಬರುತ್ತದೆ.

ಎರಡನೇ ತಿಂಗಳು ಅಪ್ಪ ಕತ್ತರಿ ಕಸಿದುಕೊಂಡು ಹಣಿಗೆ ಕೈಗೆ ಕೊಟ್ಟರು. ನನಗೆ ಸಿಟ್ಟು ಬಂತು. ಹಣಿಗೆ ಹಿಡಿಯುವುದರಲ್ಲಿ ಕಲಿಯುವುದೇನಿದೆ? ಮನೆಯಲ್ಲಿ ಎಲ್ಲರೂ ಬಾಚಿಕೊಳ್ಳುತ್ತಾರೆ. ಅಪ್ಪ ಒಂದು ಹಳೇ ಗಡಿಗೆ ತಂದು ಬೋರಲು ಹಾಕಿದರು. "ಇದು ತಲಿ. ಕೆಳಗಿಂದ ಮ್ಯಾಲಕ್ಕ ಹಣಿಗಿ ಓಡಸು. ಎಲ್ಲೂ ನಿಂದರಬಾರದು" ಅಂದರು. ಗಡಿಗೆಗೆ ಕೂದಲಿಲ್ಲ ಎನ್ನುವುದು ಬಿಟ್ಟರೆ ಉಳಿದದ್ದೆಲ್ಲ ತಲೆಯ ಹಾಗೇ. ಕೆಳಗೆ ಕುತ್ತಿಗೆ, ನಡುವೆ ಉಬ್ಬು, ಮೇಲೆ ದುಂಡು. ಎರಡು ದಿನದಲ್ಲಿ ನನ್ನ ಸಿಟ್ಟು ಇಳಿಯಿತು. ಉಬ್ಬಿನ ಹತ್ತಿರ ಬಂದಾಗಲೆಲ್ಲ ಹಣಿಗೆ ಗಡಿಗೆಗೆ ಬಡಿಯುತ್ತಿತ್ತು, ಇಲ್ಲವೇ ದೂರ ಹೋಗುತ್ತಿತ್ತು. ಒಂದೇ ಅಂತರದಲ್ಲಿ ಏರುವುದು ಬರುತ್ತಲೇ ಇರಲಿಲ್ಲ.

ಆಗ ಅಪ್ಪ ಒಂದು ಮಾತು ಹೇಳಿದರು. "ಲೇ ತಮ್ಮಾ, ಕತ್ತರಿ ಕೂಲಿ ಆಳು. ಹಣಿಗಿ ಮೇಸ್ತ್ರಿ. ಮೇಸ್ತ್ರಿ ಎಲ್ಲಿ ದಾರ ಹಿಡಿತಾನೋ ಅಲ್ಲಿ ಆಳು ಕಲ್ಲು ಇಡ್ತಾನ." ಇವತ್ತು ನಾನು ಹೇಳಲು ಬಂದದ್ದು ಇದನ್ನೇ, ಬೇರೆಯದೆಲ್ಲ ಇದಕ್ಕೆ ಹಚ್ಚಿದ ಮಸಾಲೆ. ಕೂದಲು ಎಷ್ಟು ಉದ್ದ ಉಳಿಯಬೇಕು ಅಂತ ತೀರ್ಮಾನ ಮಾಡುವುದು ಹಣಿಗೆ. ಅದು ಇರುವುದು ಎಡಗೈಯಲ್ಲಿ. ನೀವೆಲ್ಲ ಬಲಗೈಯನ್ನು ನೋಡುತ್ತಾ ಕೂತಿದ್ದೀರಿ.

ಹಣಿಗೆಯನ್ನು ಹತ್ತಿರದಿಂದ ನೋಡಿ. ಸುಮಾರು ಏಳು ಇಂಚು ಉದ್ದ. ಒಂದು ಅರ್ಧದಲ್ಲಿ ಹಲ್ಲು ಬಿಡಿಬಿಡಿ, ಇನ್ನೊಂದು ಅರ್ಧದಲ್ಲಿ ಒತ್ತಾಗಿ. ಬಿಡಿ ಹಲ್ಲಿನ ಕಡೆ ದಪ್ಪ ಕೂದಲಿಗೆ, ನೆತ್ತಿಯ ಉದ್ದ ಕೂದಲನ್ನು ಬಿಡಿಸಲು. ಒತ್ತು ಹಲ್ಲಿನ ಕಡೆ ಕುತ್ತಿಗೆಯ ಗಿಡ್ಡ ಕೂದಲಿಗೆ, ಕಿವಿಯ ಪಕ್ಕಕ್ಕೆ. ಕುತ್ತಿಗೆಗೆ ತುದಿ ಸಪೂರ ಆದ ತೆಳು ಹಣಿಗೆಯನ್ನು ಬೇರೆಯಾಗಿ ಇಟ್ಟುಕೊಳ್ಳಿ. ದಪ್ಪ ಹಣಿಗೆ ಇಟ್ಟರೆ ಕೂದಲು ಅದರ ದಪ್ಪಕ್ಕಿಂತ ಗಿಡ್ಡ ಆಗುವುದೇ ಇಲ್ಲ. ಮಗ್ಗದ ಊರು ಬೆಟಗೇರಿಯ ಹುಡುಗರು ಇಲ್ಲಿ ಇದ್ದರೆ ಇದು ಬೇಗ ಅರ್ಥವಾಗುತ್ತದೆ. ಮಗ್ಗದಲ್ಲೂ ಹಣಿಗೆಯಂಥದ್ದೇ ಒಂದು ಇರುತ್ತದಲ್ಲ, ಎಳೆ ಎಳೆಯನ್ನು ಅಂತರ ತಪ್ಪದೆ ಬಿಡಿಸಿ ಇಡುತ್ತದೆ. ಎಳೆ ಸಿಕ್ಕಾದರೆ ಸೀರೆ ಕೆಡುತ್ತದೆ. ನಮ್ಮದೂ ಅದೇ ಕಥೆ. ಸರಿಯಾಗಿ ಬಾಚದ ಕೂದಲನ್ನು ಯಾವ ಕತ್ತರಿಯೂ ಸರಿಯಾಗಿ ಕಡಿಯುವುದಿಲ್ಲ.

ಈಗ ಹಿಂದಿನಿಂದ ಶುರು ಮಾಡೋಣ. ಕುತ್ತಿಗೆಯ ಕೆಳಗೆ ಹಣಿಗೆ ಅಡ್ಡ ಹಿಡಿಯಿರಿ. ಹಲ್ಲು ಮೇಲೆ, ಬೆನ್ನು ಕೆಳಗೆ. ಹೆಬ್ಬೆರಳು ಒಂದು ಕಡೆ, ತೋರುಬೆರಳು ನಡುಬೆರಳು ಇನ್ನೊಂದು ಕಡೆ. ಬಿಗಿಯಾಗಿ ಹಿಡಿಯಬೇಡಿ. ಈ ಮೂರು ಬೆರಳಲ್ಲಿ ಹಣಿಗೆಯನ್ನು ಬೀಡಿ ಹೊಸೆದ ಹಾಗೆ ಹೊರಳಿಸಲು ಬರಬೇಕು. ಹಲ್ಲಿನ ತುದಿ ಚರ್ಮಕ್ಕೆ ತಾಗುವ ಹಾಗೆ ಕೂದಲೊಳಗೆ ತೂರಿಸಿ ಮೇಲಕ್ಕೆ ಒಯ್ಯಿರಿ. ಹಲ್ಲಿನ ಸಂದಿಯಿಂದ ಕೂದಲು ಹೊರಗೆ ಇಣುಕುತ್ತದೆ. ಇಣುಕಿದ್ದಷ್ಟೇ ನಿಮ್ಮದು. ಒಳಗೆ ಉಳಿದದ್ದು ಗಿರಾಕಿಯದು.

ಕತ್ತರಿಯ ನಿಲ್ಲುವ ಅಲಗನ್ನು ಹಣಿಗೆಗೆ ಸಮನಾಗಿ, ಅದರ ಪಕ್ಕದಲ್ಲೇ ಇಡಿ. ಜೋಡಿ ಎತ್ತು ನಡೆದ ಹಾಗೆ ಎರಡೂ ಒಟ್ಟಿಗೆ ಮೇಲೆ ಏರಬೇಕು. ಒಂದು ಮುಂದೆ ಒಂದು ಹಿಂದೆ ಆದರೆ ಸಾಲು ಸೊಟ್ಟ. ಅಲಗಿನ ಮುಂದಿನ ಅರ್ಧದಲ್ಲಿ, ಸಣ್ಣ ಸಣ್ಣದಾಗಿ, ಬೇಗ ಬೇಗ ಕಡಿಯುತ್ತಾ ಹೋಗಿ. ಬಾಯಿ ಪೂರ್ತಿ ತೆರೆದು ಗಬಕ್ಕನೆ ಮುಚ್ಚಬೇಡಿ. ಹಾಗೆ ಮುಚ್ಚಿದಲ್ಲೆಲ್ಲ ಒಂದು ಗೆರೆ ಬೀಳುತ್ತದೆ.

ಎಲ್ಲಕ್ಕಿಂತ ಮುಖ್ಯ, ಹಣಿಗೆ ನಿಲ್ಲಬಾರದು. ಹೊಸಬರು ಮಾಡುವ ತಪ್ಪು ಇದೊಂದೇ ಅಂದರೂ ನಡೆಯುತ್ತದೆ. ಹಣಿಗೆ ಒಯ್ಯುತ್ತಾರೆ, ನಿಲ್ಲಿಸುತ್ತಾರೆ, ಕಡಿಯುತ್ತಾರೆ, ಮತ್ತೆ ಒಯ್ಯುತ್ತಾರೆ. ನಿಂತಲ್ಲೆಲ್ಲ ಮೆಟ್ಟಿಲು. ಆ ತಲೆ ಬಿಸಿಲಿಗೆ ಬಂದಾಗ ಎಣಿಸಬಹುದು, ಎಷ್ಟು ಸಲ ನಿಂತೆ ಅಂತ. ಮನೆಗೆ ಹೋದ ಹುಡುಗನನ್ನು ಅವನ ಅವ್ವ ಕೇಳುತ್ತಾಳೆ, "ಇಲಿ ಕಡದಂಗ ಆಗೇತಲ್ಲೋ, ಎಲ್ಲಿ ಹೋಗಿದ್ದಿ?" ಅಂತ. ಆ ಹುಡುಗ ನಿಮ್ಮ ಅಂಗಡಿಯ ಹೆಸರು ಹೇಳುತ್ತಾನೆ.

ಉದ್ದ ಬದಲಿಸುವುದು ಹೇಗೆ? ಹಣಿಗೆಯ ಓರೆಯಿಂದ. ಹಣಿಗೆಯನ್ನು ಚರ್ಮಕ್ಕೆ ಪೂರ್ತಿ ಒರಗಿಸಿದರೆ ಹಣಿಗೆಯ ದಪ್ಪವೇ ಕೂದಲಿನ ಉದ್ದ, ಎರಡು ಮೂರು ಮಿಲಿಮೀಟರ್. ಬೆನ್ನನ್ನು ನಿಮ್ಮ ಕಡೆಗೆ ಎಳೆದಷ್ಟೂ ಉದ್ದ ಉಳಿಯುತ್ತದೆ. ಕುತ್ತಿಗೆಯಲ್ಲಿ ಒರಗಿಸಿ ಶುರು ಮಾಡಿ, ಏರುತ್ತಾ ಹೋದ ಹಾಗೆ ನಿಧಾನಕ್ಕೆ ಹೊರಗೆ ತರಬೇಕು. ಕೊನೆಗೆ ಹಣಿಗೆ ಕೂದಲಿನಿಂದ ತಾನೇ ಬಿಟ್ಟುಕೊಳ್ಳಬೇಕು. ಹೊಲದಲ್ಲಿ ರಂಟೆ ಹೊಡೆಯುವವರು ಬದುವಿನ ಹತ್ತಿರ ಬಂದಾಗ ರಂಟೆ ಎತ್ತುತ್ತಾರಲ್ಲ, ಹಾಗೆ. ಎತ್ತದೆ ಬದುವಿಗೇ ಗುದ್ದಿದರೆ ಏನಾಗುತ್ತದೆ ನಿಮಗೆ ಗೊತ್ತು. ತಲೆಯಲ್ಲಿ ಗುದ್ದಿದರೆ ಹಿಂಭಾಗದಲ್ಲಿ ಸುತ್ತ ಒಂದು ಚಡಿ ಬೀಳುತ್ತದೆ, ಬಟ್ಟಲು ಬೋರಲು ಹಾಕಿ ಕತ್ತರಿಸಿದ ಹಾಗೆ.

ತಲೆಯ ಹಿಂದೆ ಕೈ ಇಟ್ಟು ನೋಡಿಕೊಳ್ಳಿ. ಈಗಲೇ. ಒಂದು ಎಲುಬಿನ ಉಬ್ಬು ಸಿಗುತ್ತದೆ, ಅದರ ಕೆಳಗೆ ಸ್ವಲ್ಪ ತಗ್ಗು. ಕೆಲವರಿಗೆ ಉಬ್ಬು ಜಾಸ್ತಿ, ಕೆಲವರದ್ದು ಹಲಗೆಯ ಹಾಗೆ ಸಪಾಟು. ತಗ್ಗಿನಲ್ಲಿ ಕೂದಲು ಸ್ವಲ್ಪ ಜಾಸ್ತಿ ಬಿಟ್ಟು, ಉಬ್ಬಿನ ಮೇಲೆ ಸ್ವಲ್ಪ ಕಡಿಮೆ ಮಾಡಿದರೆ ನೋಡಲು ಸಮ ಕಾಣುತ್ತದೆ. ಎಲ್ಲ ಕಡೆ ಸಮ ಅಳತೆ ಕಡಿದರೆ ಸಮ ಕಾಣುವುದಿಲ್ಲ. ನೆಲ ಸಮ ಇಲ್ಲದ ಹೊಲಕ್ಕೆ ನೀರು ಹಾಯಿಸುವವರನ್ನು ಕೇಳಿ, ಇದನ್ನೇ ಹೇಳುತ್ತಾರೆ.

ಸಮ ಆಗಿದೆಯೋ ಇಲ್ಲವೋ ನೋಡಲು ಒಂದು ಉಪಾಯ ಇದೆ. ಎರಡು ಹೆಜ್ಜೆ ಹಿಂದೆ ಸರಿದು ಅರೆಗಣ್ಣು ಮಾಡಿ ನೋಡಿ. ಆಗ ಕೂದಲು ಕಾಣುವುದಿಲ್ಲ, ಕಪ್ಪು ಮಾತ್ರ ಕಾಣುತ್ತದೆ. ಎಲ್ಲಿ ಕಪ್ಪು ಗಟ್ಟಿಯಾಗಿ ಕಾಣುತ್ತದೋ ಅಲ್ಲಿ ಕೂದಲು ಜಾಸ್ತಿ ಇದೆ. ಅಲ್ಲಿಗೆ ಮಾತ್ರ ಹಣಿಗೆ ಹಾಕಿ. ತೆಳುವಾಗಿ ಕಂಡ ಜಾಗಕ್ಕೆ ಮತ್ತೆ ಹೋಗಬೇಡಿ, ಅದು ಆಗಲೇ ಕೆಟ್ಟಿದೆ. ಅದರ ಸುತ್ತಲಿನದನ್ನು ಇಳಿಸಿ ಹೊಂದಿಸಬೇಕು. ಕೂದಲು ತಿಂಗಳಿಗೆ ಹೆಚ್ಚುಕಡಿಮೆ 1 ಸೆಂಟಿಮೀಟರ್ ಬೆಳೆಯುತ್ತದೆ. ಅಂದರೆ ನೀವು ಅರ್ಧ ಸೆಂಟಿಮೀಟರ್ ತಪ್ಪು ಕಡಿದರೆ ಆ ಮನುಷ್ಯ ಹದಿನೈದು ದಿನ ನಿಮ್ಮ ತಪ್ಪನ್ನು ಹೊತ್ತು ಊರೆಲ್ಲ ತಿರುಗುತ್ತಾನೆ.

ಗಾಳಿಯಲ್ಲಿ ಕತ್ತರಿ ಆಡಿಸುವ ಸದ್ದಿನ ಬಗ್ಗೆ ಯಾರೋ ಕೇಳಿದರು. ಕಚ್ ಕಚ್ ಕಚ್ ಅಂತ ಕಡಿಯುವುದಕ್ಕಿಂತ ಜಾಸ್ತಿ ಸುಮ್ಮನೆ ಆಡಿಸುತ್ತೇವಲ್ಲ, ಯಾಕೆ ಅಂತ. ಒಂದು, ಅಲಗಿಗೆ ಅಂಟಿದ ಕೂದಲು ಉದುರುತ್ತದೆ. ಎರಡು, ಹೆಬ್ಬೆರಳಿನ ಲಯ ತಪ್ಪುವುದಿಲ್ಲ. ಹಣಿಗೆ ಮತ್ತೆ ಕೆಳಗೆ ಬಂದು ಏರಲು ಶುರು ಮಾಡುವಾಗ ಕತ್ತರಿ ಆಗಲೇ ನಡೆಯುತ್ತಿರುತ್ತದೆ. ಇಷ್ಟರ ಮೇಲಿನದ್ದೆಲ್ಲ ಶೋಕಿ. ನನ್ನ ಅಪ್ಪನಿಗೆ ಅದು ಸೇರುತ್ತಿರಲಿಲ್ಲ. ನನಗೆ ಸೇರುತ್ತದೆ. ಗಿರಾಕಿ ಆ ಸದ್ದಿಗೆ ತೂಕಡಿಸುತ್ತಾನೆ, ತೂಕಡಿಸುವವನು ಮಾತಾಡುವುದಿಲ್ಲ. ತಲೆ ಮಾತ್ರ ಮುಂದಕ್ಕೆ ಬೀಳದ ಹಾಗೆ ನೋಡಿಕೊಳ್ಳಬೇಕು.

ಈಗ ಅಂಗೈಗೆ ಬರೋಣ. ಕಡಿಯುವುದಕ್ಕಿಂತ ಬಾಚುವುದೇ ಜಾಸ್ತಿ ಸಲ. ಪ್ರತಿ ಸಲ ಕತ್ತರಿಯನ್ನು ಮೇಜಿನ ಮೇಲೆ ಇಟ್ಟು ಹಣಿಗೆ ಎತ್ತಿಕೊಂಡರೆ ಒಂದು ತಲೆಗೆ ಒಂದು ಗಂಟೆ ಬೇಕು. ಅದಕ್ಕೆ ಹೀಗೆ. ಕತ್ತರಿ ಮುಚ್ಚಿ. ಹೆಬ್ಬೆರಳು ಹೊರಗೆ ತೆಗೆಯಿರಿ. ಉಂಗುರಬೆರಳು ಬಳೆಯಲ್ಲೇ ಇರಲಿ. ಕತ್ತರಿ ಹೊರಳಿ ಅಂಗೈಯೊಳಗೆ ಮಲಗುತ್ತದೆ, ಕಡೆಯ ಎರಡು ಬೆರಳು ಅದನ್ನು ಅವುಚಿ ಹಿಡಿಯುತ್ತವೆ. ಹೆಬ್ಬೆರಳು, ತೋರುಬೆರಳು ಖಾಲಿ. ಅವುಗಳಿಗೆ ಹಣಿಗೆ ಕೊಡಿ, ಬಾಚಿ. ಕಡಿಯುವಾಗ ಹಣಿಗೆ ಎಡಗೈಗೆ ಹೋಗುತ್ತದೆ. ಎಡಗೈಯ ಬೆರಳಲ್ಲಿ ಕೂದಲು ಹಿಡಿದಿದ್ದರೆ ಹೆಬ್ಬೆರಳಿನ ಬುಡಕ್ಕೆ ಹಣಿಗೆ ಸಿಕ್ಕಿಸಿಕೊಳ್ಳಿ. ಇಷ್ಟನ್ನು ಕಣ್ಣು ಮುಚ್ಚಿ ಮಾಡಲು ಬರುವ ತನಕ ಕುರ್ಚಿಯ ಹತ್ತಿರ ಹೋಗಬೇಡಿ. ತೆರೆದ ಕತ್ತರಿ ಕೈಯಲ್ಲಿ ಇಟ್ಟುಕೊಂಡು ಬಾಚುವುದನ್ನು ನಾನು ಎಷ್ಟೋ ಅಂಗಡಿಯಲ್ಲಿ ನೋಡಿದ್ದೇನೆ. ಗಿರಾಕಿಯ ಕಣ್ಣಿಗೂ ಆ ತುದಿಗೂ ಎಷ್ಟು ದೂರ ಅಂತ ಅವರು ಯೋಚಿಸಿರುವುದಿಲ್ಲ.

ನಾನೇನು ಸಾಚಾ ಅಲ್ಲ. 1996ರ ಮಾರ್ಚ್ 9, ಶನಿವಾರ. ಬೆಂಗಳೂರಿನಲ್ಲಿ ವಿಶ್ವಕಪ್ಪಿನ ಕ್ವಾರ್ಟರ್ ಫೈನಲ್, ಭಾರತ ಮತ್ತು ಪಾಕಿಸ್ತಾನ. ಅಂಗಡಿಗೆ ಒಂದು ಸಣ್ಣ ಟೀವಿ ತಂದಿಟ್ಟಿದ್ದೆ. ಕಟಿಂಗ್ ಮಾಡಿಸುವವನು ಒಬ್ಬ, ಮ್ಯಾಚ್ ನೋಡುವವರು ಇಪ್ಪತ್ತು ಜನ. ಕುರ್ಚಿಯಲ್ಲಿದ್ದವರು ಒಬ್ಬ ಮಾಸ್ತರರು. ಬಲಗಿವಿಯ ಸುತ್ತ ಕಡಿಯುತ್ತಿದ್ದೆ. ಅತ್ತ ವಕಾರ್ ಯೂನಿಸ್ ಓವರಿಗೆ ಅಜಯ್ ಜಡೇಜಾ ಬಾರಿಸಲು ಶುರು ಮಾಡಿದರು. ಜನ ಹೋ ಅಂದರು. ನಾನು ತಲೆ ಎತ್ತಿದೆ, ಹೆಬ್ಬೆರಳು ನಿಲ್ಲಲಿಲ್ಲ. ಕಿವಿಯ ಮೇಲಂಚು ಕತ್ತರಿಯೊಳಗೆ ಬಂತು. ದೊಡ್ಡ ಗಾಯ ಅಲ್ಲ. ಆದರೆ ಕಿವಿಯಿಂದ ರಕ್ತ ಬೇಗ ನಿಲ್ಲುವುದಿಲ್ಲ, ಹೊದಿಸಿದ ಬಿಳೀ ಬಟ್ಟೆ ಕೆಂಪಾಯಿತು. ಪಟಕದ ಕಲ್ಲು ಒತ್ತಿದೆ, ಹತ್ತಿ ಒತ್ತಿದೆ. ಮಾಸ್ತರರು ಬೈಯಲಿಲ್ಲ. ಕಿವಿ ಹಿಡಿದುಕೊಂಡೇ "ಎಷ್ಟಾತು ಸ್ಕೋರ?" ಅಂತ ಕೇಳಿದರು. ಅವರು ಬೈದಿದ್ದರೆ ಚೆನ್ನಾಗಿತ್ತು ಅಂತ ಇವತ್ತಿಗೂ ಅನ್ನಿಸುತ್ತದೆ. ಸೋಮವಾರ ಟೀವಿ ಮನೆಗೆ ಒಯ್ದೆ.

ಆಮೇಲಿನಿಂದ ಕಿವಿಯ ಹತ್ತಿರ ನನ್ನದೊಂದು ನಿಯಮ. ಎಡಗೈ ಬೆರಳಿನಿಂದ ಕಿವಿಯನ್ನು ಮಡಚಿ ಕೆಳಗೆ ಹಿಡಿದ ಮೇಲೆಯೇ ಕತ್ತರಿ ತೆರೆಯುವುದು. ಕಡಿಯುವುದು ತುದಿಯಿಂದ ಮಾತ್ರ. ಆಗ ಯಾರೂ ನನ್ನ ಜೊತೆ ಮಾತಾಡಬಾರದು, ಗಿರಾಕಿಯೂ. ಮಕ್ಕಳಾದರೆ ಇನ್ನೂ ಜೋಪಾನ. ಮಗು ತಲೆ ತಿರುಗಿಸುವ ಮೊದಲು ಭುಜ ಅಲ್ಲಾಡುತ್ತದೆ. ನಿಮ್ಮ ಎಡಗೈಯ ಮಣಿಕಟ್ಟು ಮಗುವಿನ ಭುಜಕ್ಕೆ ತಾಗಿಕೊಂಡಿದ್ದರೆ ಅದು ನಿಮಗೆ ಮೊದಲೇ ಗೊತ್ತಾಗುತ್ತದೆ. ನಿಮ್ಮ ಬೆರಳಂತೂ ಕಡಿಸಿಕೊಳ್ಳುತ್ತೀರಿ, ಅದನ್ನು ತಪ್ಪಿಸಲು ಆಗುವುದಿಲ್ಲ. ಇಲ್ಲಿ ನೋಡಿ, ನಡುಬೆರಳಿನ ಗಿಣ್ಣಿನ ಮೇಲೆ, ನನ್ನದು ನಾಲ್ಕು ಗೆರೆ. ಅಪ್ಪನದು ಎಣಿಸಲು ಆಗುತ್ತಿರಲಿಲ್ಲ.

ಬೆರಳ ನಡುವೆ ಕೂದಲು ಹಿಡಿದು ಕಡಿಯುವುದರ ಬಗ್ಗೆ ಒಂದೇ ಎಚ್ಚರಿಕೆ ಹೇಳುತ್ತೇನೆ. ಒದ್ದೆ ಕೂದಲು ರಬ್ಬರಿನ ಹಾಗೆ. ಎಳೆದರೆ ಕಾಲು ಭಾಗಕ್ಕೂ ಜಾಸ್ತಿ ಉದ್ದ ಆಗಬಲ್ಲದು, ಒಣಗಿದ ಮೇಲೆ ಮತ್ತೆ ಕುಗ್ಗುತ್ತದೆ. ನನ್ನ ಮಗಳಿಗೆ ಏಳು ವರ್ಷ ಇದ್ದಾಗ ಸಾಲಿಯ ಗ್ಯಾದರಿಂಗಿಗೆ ಡಾನ್ಸ್ ಇತ್ತು. ಹಿಂದಿನ ರಾತ್ರಿ ಹಣೆ ಮೇಲಿನ ಕೂದಲನ್ನು ನೀರು ಹಚ್ಚಿ, ಹಣಿಗೆಯಿಂದ ಬಿಗಿಯಾಗಿ ಕೆಳಗೆ ಎಳೆದು, ಹುಬ್ಬಿಗೆ ಸರಿಯಾಗಿ ಕಡಿದೆ. ನನ್ನ ಗೆರೆಗೆ ನಾನೇ ಮರುಳಾದೆ. ಬೆಳಿಗ್ಗೆ ಎದ್ದರೆ ಗೆರೆ ಹಣೆಯ ಮಧ್ಯಕ್ಕೆ ಹಾರಿತ್ತು. ಮಗಳು ಅತ್ತದ್ದಕ್ಕಿಂತ ಅವಳ ಅವ್ವ ಅಂದದ್ದೇ ಜಾಸ್ತಿ. "ಊರಿಗೆಲ್ಲ ಕಟಿಂಗ್ ಮಾಡ್ತೀರಿ, ಮನಿ ಕೂಸಿಗೆ ಬರಲಿಲ್ಲೇನ್ರಿ?" ಹಣೆಯ ಕೂದಲನ್ನು ಒಣಗಿದ ಮೇಲೆ ಕಡಿಯಿರಿ. ಒದ್ದೆಯಲ್ಲೇ ಕಡಿಯಬೇಕಾದರೆ ಎಳೆಯಬೇಡಿ, ಒಂದು ಬೆರಳಗಲ ಜಾಸ್ತಿ ಬಿಡಿ. ಗುಂಗುರು ಕೂದಲಾದರೆ ಇನ್ನೂ ಜಾಸ್ತಿ.

ಇನ್ನು ಸುಳಿ. ಗಿರಾಕಿ ಕೂತ ಕೂಡಲೇ ನಾನು ಮೊದಲು ಹುಡುಕುವುದು ಸುಳಿಯನ್ನು. ಹೆಚ್ಚಿನವರಿಗೆ ನೆತ್ತಿಯ ಹಿಂದೆ ಒಂದು, ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ. ಕೆಲವರಿಗೆ ಎದುರು ದಿಕ್ಕು. ಎರಡು ಸುಳಿ ಇದ್ದವರೂ ಇದ್ದಾರೆ. ಎರಡು ಸುಳಿ ಇದ್ದರೆ ಎರಡು ಮದುವೆ ಅಂತ ನಮ್ಮ ಹಿರಿಯರು ಹೇಳುತ್ತಾರೆ. ನನ್ನ ಅನುಭವದಲ್ಲಿ ಎರಡು ಸುಳಿಯವರಿಗೆ ಒಂದು ಮದುವೆಗೂ ಹೆಣ್ಣು ಸಿಗುವುದು ಕಷ್ಟವಾಗಿದೆ, ಆ ಮಾತು ಬೇರೆ. ಸುಳಿಯ ಕೂದಲನ್ನು ಗಿಡ್ಡ ಮಾಡಿದರೆ ಭಾರ ಇಲ್ಲದೆ ನೆಟ್ಟಗೆ ಎದ್ದು ನಿಲ್ಲುತ್ತದೆ, ಎಷ್ಟು ಎಣ್ಣೆ ಹಚ್ಚಿದರೂ ಮಲಗುವುದಿಲ್ಲ. ಅಲ್ಲಿ ಎರಡು ಬೆರಳಗಲ ಬಿಡಿ, ಇಲ್ಲವೇ ಎಲ್ಲವನ್ನೂ ಪೂರ್ತಿ ಗಿಡ್ಡ ಮಾಡಿ. ನಡುವಿನದ್ದು ಬೇಡ. ಕುತ್ತಿಗೆಯಲ್ಲೂ ಹೀಗೆ ದಿಕ್ಕು ನೋಡಬೇಕು. ಕೆಲವರಿಗೆ ಕುತ್ತಿಗೆಯ ಕೂದಲು ಅಡ್ಡಕ್ಕೆ, ಕೆಲವರಿಗೆ ಮೇಲಕ್ಕೆ ಬೆಳೆಯುತ್ತದೆ. ಹಣಿಗೆ ಯಾವಾಗಲೂ ಬೆಳೆಯುವ ದಿಕ್ಕಿಗೆ ಎದುರಾಗಿ ಹೋಗಬೇಕು, ಆಗಲೇ ಎಳೆ ಎದ್ದು ಹಲ್ಲಿಗೆ ಸಿಗುತ್ತದೆ. ಮೇಲಕ್ಕೆ ಬೆಳೆದ ಕೂದಲಿಗೆ ಹಣಿಗೆಯನ್ನು ಮೇಲಿನಿಂದ ಕೆಳಗೆ ತನ್ನಿ. ಕೈ ಉಲ್ಟಾ ಆಗುತ್ತದೆ, ಗಡಿಗೆ ಮೇಲೆ ಅದನ್ನೂ ಅಭ್ಯಾಸ ಮಾಡಿ.

ಈಗಿನ ಹುಡುಗರು ಕೇಳುತ್ತಾರೆ, ಮಷೀನ್ ಇರುವಾಗ ಇಷ್ಟೆಲ್ಲ ಯಾಕೆ ಕಾಕಾ ಅಂತ. ಮಷೀನ್ ಬೇಡ ಅನ್ನುವವನು ನಾನಲ್ಲ. ಅಪ್ಪನ ಕೈಮಷೀನಿನಲ್ಲಿ ಕೂದಲು ಕಚ್ಚಿಕೊಂಡು ಕಣ್ಣಲ್ಲಿ ನೀರು ಬರುತ್ತಿತ್ತಲ್ಲ, ಇಲ್ಲಿರುವ ಹಿರಿಯರಿಗೆ ನೆನಪಿರಬೇಕು. ಕರೆಂಟಿನದ್ದು ಬಂದಿದ್ದು ಪುಣ್ಯ. ಆದರೆ ಅದಕ್ಕೆ ಗೊತ್ತಿರುವುದು ನಂಬರ್ ಮಾತ್ರ. ಒಂದನೇ ನಂಬರಿನ ಹಣಿಗೆ ಹಾಕಿದರೆ ಸುಮಾರು 3 ಮಿಲಿಮೀಟರ್, ಎರಡು ಹಾಕಿದರೆ 6. ಒಂದಕ್ಕೂ ಎರಡಕ್ಕೂ ನಡುವೆ ಒಂದು ಗೆರೆ ಉಳಿಯುತ್ತದೆ, ಅದನ್ನು ಅಳಿಸುವವರಿಗೇ ಗಿರಾಕಿ ವಾಪಸ್ ಬರುತ್ತಾನೆ. ನೋಡಿ, ಮಷೀನಿಗೂ ಉದ್ದ ಹೇಳುವುದು ಹಣಿಗೆಯೇ. ಪ್ಲಾಸ್ಟಿಕ್‌ನದ್ದು, ಮುಂದೆ ಸಿಕ್ಕಿಸಿರುತ್ತಾರೆ ಅಷ್ಟೇ. ಅಪ್ಪ ಇದ್ದಿದ್ದರೆ ನಗುತ್ತಿದ್ದರು.

ಕತ್ತರಿಯ ಆರೈಕೆ ಬೇಗ ಹೇಳಿ ಮುಗಿಸುತ್ತೇನೆ. ಅದರಲ್ಲಿ ಕೂದಲು ಬಿಟ್ಟು ಬೇರೆ ಏನನ್ನೂ ಕತ್ತರಿಸಬೇಡಿ. ಹಾಲಿನ ಪಾಕೀಟು, ಶಾಂಪೂ ಚೀಟಿ, ಪೇಪರ್, ಯಾವುದೂ ಬೇಡ. ರಾತ್ರಿ ಒರೆಸಿ, ಸ್ಕ್ರೂ ಹತ್ತಿರ ಒಂದು ಹನಿ ಹೊಲಿಗೆ ಮಷೀನಿನ ಎಣ್ಣೆ ಬಿಡಿ. ಬಿಗಿ ನೋಡಲು ತುದಿ ಮೇಲೆ ಮಾಡಿ ಹಿಡಿದು, ಒಂದು ಅಲಗನ್ನು ಕಾಟಕೋನಕ್ಕೆ, ಅಂದರೆ ಲಂಬಕೋನಕ್ಕೆ, ತೆರೆದು ಕೈ ಬಿಡಿ. ಅರ್ಧ ದಾಟಿ ಬಂದು ನಿಂತರೆ ಸರಿ. ಪೂರ್ತಿ ಮುಚ್ಚಿಕೊಂಡರೆ ಸಡಿಲ, ಕೂದಲನ್ನು ಕಡಿಯದೆ ಮಡಚುತ್ತದೆ. ಅಲ್ಲೇ ನಿಂತರೆ ಬಿಗಿ, ಹೆಬ್ಬೆರಳು ನೋಯುತ್ತದೆ. ಸೈಕಲ್ ಮೇಲೆ ಸಾಣೆ ಚಕ್ರ ಇಟ್ಟುಕೊಂಡು ಓಣಿಗೆ ಬರುತ್ತಾರಲ್ಲ, ಅವರಿಗೆ ಈಳಿಗೆ ಕೊಡಿ, ಟೇಲರ್ ಕತ್ತರಿ ಕೊಡಿ. ನಮ್ಮ ಕತ್ತರಿ ಕೊಡಬೇಡಿ. ಇದರ ಅಲಗಿನ ಒಳಮೈ ಸ್ವಲ್ಪ ತಗ್ಗಾಗಿರುತ್ತದೆ, ಅಂಚು ಮಾತ್ರ ಅಂಚಿಗೆ ತಾಗುತ್ತದೆ. ಚಕ್ರಕ್ಕೆ ಹಿಡಿದು ಆ ತಗ್ಗು ಸವೆಸಿದರೆ ಕತ್ತರಿ ಸತ್ತ ಹಾಗೆ. ನಾನು ಒಂದನ್ನು ಹಾಗೇ ಕೊಂದಿದ್ದೇನೆ. ಹಣಿಗೆಯನ್ನು ಪ್ರತಿ ಗಿರಾಕಿಗೂ ಸೋಪಿನ ನೀರಲ್ಲಿ ತೊಳೆಯಬೇಕು. ಅದನ್ನು ನಾನು ಹೇಳಬೇಕಾಗಿ ಬಂದರೆ ನೀವು ಈ ಕೆಲಸಕ್ಕೆ ಬರುವುದೇ ಬೇಡ.

ಹಿಂದಿನ ಸಾಲಿನ ತಂಗಿ ಆಗಿನಿಂದ ಕೈ ಎತ್ತಿದ್ದಾಳೆ. ಎಡಗೈಯವಳಂತೆ. ಎಷ್ಟು ಅಭ್ಯಾಸ ಮಾಡಿದರೂ ಕೂದಲು ಕಡಿಯುವುದಿಲ್ಲ, ಅಲಗಿನ ನಡುವೆ ಮಡಚಿಕೊಳ್ಳುತ್ತದೆ ಅನ್ನುತ್ತಾಳೆ. ತಪ್ಪು ನಿನ್ನದಲ್ಲ ತಂಗಿ. ಮುಷ್ಟಿ ಮುಚ್ಚುವಾಗ ಹೆಬ್ಬೆರಳು ಸ್ವಲ್ಪ ಪಕ್ಕಕ್ಕೂ ತಳ್ಳುತ್ತದೆ. ಬಲಗೈ ಕತ್ತರಿಯನ್ನು ಬಲಗೈಯಲ್ಲಿ ಹಿಡಿದಾಗ ಆ ತಳ್ಳು ಎರಡು ಅಲಗನ್ನು ಒಂದಕ್ಕೊಂದು ಒತ್ತುತ್ತದೆ. ಅದನ್ನೇ ಎಡಗೈಯಲ್ಲಿ ಹಿಡಿದರೆ ಅದೇ ತಳ್ಳು ಅಲಗುಗಳನ್ನು ದೂರ ಮಾಡುತ್ತದೆ. ಸಂದಿ ಬಿಡುತ್ತದೆ, ಕೂದಲು ಸಂದಿಗೆ ಹೋಗಿ ಮಡಚುತ್ತದೆ. ಎಡಗೈಯವರಿಗೆ ಅಂತಲೇ ಅಲಗು ಅದಲುಬದಲು ಮಾಡಿದ ಕತ್ತರಿ ಬರುತ್ತದೆ. ಹಿಡಿಕೆ ಮಾತ್ರ ತಿರುಗಿಸಿ ಎಡಗೈಯದು ಅಂತ ಮಾರುವವರೂ ಇದ್ದಾರೆ, ಅಲಗು ನೋಡಿ ತೆಗೆದುಕೋ. ಹುಬ್ಬಳ್ಳಿಯಲ್ಲಿ ಸಲೂನ್ ಸಾಮಾನಿನ ಅಂಗಡಿಗಳಲ್ಲಿ ಮೊದಲೇ ಹೇಳಿಟ್ಟರೆ ತರಿಸಿಕೊಡುತ್ತಾರೆ. ಬೆಲೆ ಸ್ವಲ್ಪ ಜಾಸ್ತಿ. ಅದು ಬರುವ ತನಕ ನಿನ್ನ ಬಲಗೈಗೆ ಹಣಿಗೆ ಕೊಟ್ಟು ಗಡಿಗೆ ಮೇಲೆ ಓಡಿಸುತ್ತಿರು. ಮೇಸ್ತ್ರಿ ಮೊದಲು ತಯಾರಾಗಲಿ.

ಸರಿ, ಬಾಯಿಮಾತು ಸಾಕು. ಕುರ್ಚಿ ತರಿಸಿದ್ದೇನೆ, ಬಟ್ಟೆ ಇದೆ, ಕಿವಿಗೆ ಬೇಕಾದರೆ ಪಟಕವೂ ಇದೆ. ಯಾರಾದರೂ ತಲೆ ಕೊಡಬೇಕು. ಎರಡು ಸುಳಿ ಇರುವ ತಮ್ಮಂದಿರು ಇದ್ದರೆ ಮೊದಲು ಬನ್ನಿ. ಮದುವೆಯ ವಿಷಯ ಆಮೇಲೆ ನೋಡೋಣ.